ಎರಡು ಚೀಟಿ, ಐದು ಊರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ನಾಲ್ಕನೇ ಕ್ಲಾಸಿನ ಭಿನ್ನರಾಶಿ ಪೇಪರುಗಳು. ಇನ್ನೂ ಹದಿನೆಂಟು ಬಾಕಿ. ಇವರು ಆಗಲೇ ಎದ್ದಿದ್ದಾರೆ. ಈಜುಕೊಳ ಮುಚ್ಚಿ ತಿಂಗಳಾದರೂ ಕೋಚ್ ಸಾಹೇಬರು ಐದಕ್ಕೇ ಏಳುವುದು. ಸೀಟಿ ಊದಲು ಅಲ್ಲಿನ ಮಕ್ಕಳಿಲ್ಲ, ನಾನಿದ್ದೇನೆ.

"ಬೆಳಕಾಗಿದೆಯಲ್ಲ, ಲೈಟ್ ಯಾಕೆ?"

"ತಪ್ಪು ಕಾಣಿಸಬೇಕಲ್ಲ."

"ತಪ್ಪು ನಿನಗೆ ಕತ್ತಲಲ್ಲೂ ಕಾಣತ್ತೆ ಬಿಡು."

ಕೊಳ ಮುಚ್ಚಿ ಅಲ್ಲಿ ಅಂಗಡಿ ಸಾಲು ಕಟ್ಟುತ್ತಾರಂತೆ. ನನ್ನೊಬ್ಬಳ ಸಂಬಳಕ್ಕೆ ಈ ಊರಿನ ಬಾಡಿಗೆ ಎಟುಕುವುದಿಲ್ಲ. ಕೈಗೆಟುಕುವ ಊರಿಗೆ ಹೋಗಬೇಕು, ಅಷ್ಟೇ. ಆದರೆ ಮೂರು ವಾರದಿಂದ ಹುಡುಕಿದ್ದು ಊರನ್ನಲ್ಲ, ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಹುಳುಕನ್ನು.

ಮಾರ್ಚ್ 4, ಮಂಗಳವಾರ

ಐದು ಉಳಿದಿವೆ. ಬಂದರು, ಜಂಕ್ಷನ್, ಕಾರ್ಖಾನೆ ಊರು, ಬೆಟ್ಟದ ಊರು, ನಾದಿನಿಯ ಊರು. ಐದರಲ್ಲೂ ಬಾಡಿಗೆ ಇಲ್ಲಿನ ಅರ್ಧ.

ಕೊನೆಯದು ಇವರ ಹಟಕ್ಕೆ ಸೇರಿದ್ದು. ನಾದಿನಿ ಹೊಸ ಮನೆ ತೋರಿಸುತ್ತಾ ಹತ್ತು ಜನರ ಮುಂದೆ ಅಂದಿದ್ದಳು: "ಅತ್ತಿಗೆಗೆ ಎರಡು ರೂಮು ಯಾಕಪ್ಪಾ? ಮಕ್ಕಳೇ ಮರಿಯೇ!" ಎಲ್ಲರೂ ನಕ್ಕರು. ಇವರೂ. ಆರು ವರ್ಷವಾಯಿತು. ಇಷ್ಟು ಕಾಲ ಇಟ್ಟುಕೊಳ್ಳುವ ಮಾತೇ ಅದು? ಗೊತ್ತಿಲ್ಲ. ಇಟ್ಟುಕೊಂಡಿದ್ದೇನೆ.

ಬಾಯಿ ಬಿಟ್ಟರೆ ಜಗಳ. ಅದಕ್ಕೇ ಚೀಟಿ, ಇವರದೇ ಐಡಿಯಾ. ಪ್ರತಿ ಊರಿನ ಮುಂದೆ ಒಂದರಿಂದ ಐದು, ಒಬ್ಬರಿಗೊಬ್ಬರು ತೋರಿಸದೆ. ಆಮೇಲೆ ಬಿಚ್ಚುವುದು. ವಾದ ಮಾಡಬಾರದು.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ನಂಬಲಾಗುತ್ತಿಲ್ಲ. ಎರಡೂ ಚೀಟಿ ಒಂದೇ! ಬೆಟ್ಟದ ಊರು 5. ಬಂದರು 4. ಜಂಕ್ಷನ್ 3. ಕಾರ್ಖಾನೆ 2. ನಾದಿನಿ 1. ಒಂದು ಅಂಕಿಯೂ ಆಚೀಚೆ ಇಲ್ಲ. ಬಂದರಿನ 4 ಕೂಡ.

ಇವರು ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಾಪಿ ಹೊಡೆದೆಯಾ, ಟೀಚರಮ್ಮ?"

"ನೀವು ಹೊಡೆದಿರಬೇಕು."

"ಹಾಗಾದ್ರೆ ಮುಗೀತಲ್ಲ. ಇನ್ನು ಅದರ ಮಾತೇ ಬೇಡ, ದೃಷ್ಟಿಯಾಗತ್ತೆ."

ಬೇಡವೇ ಬೇಡ ಎಂದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಗೋಡೆಯ ಬಣ್ಣಕ್ಕೂ ಒಪ್ಪದ ನಾವು. ಬೆಟ್ಟದ ಊರಿನ ಶಾಲೆಗೆ ಅರ್ಜಿ ಕಳಿಸಿದೆ. ಇವರೂ ಫೋನ್ ಹಿಡಿದು ಆಚೆ ಹೋದರು. ಅಲ್ಲೂ ಕೊಳ ಇದೆಯೇನೋ...

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ನಾದಿನಿಯ ಫೋನ್. ಇವರು ಸ್ನಾನಕ್ಕೆ ಹೋಗಿದ್ದರು.

"ಅತ್ತಿಗೆ, ಅಣ್ಣ ಹೇಳಿದ! ನೀವೇ ನಮ್ಮೂರನ್ನ ಫಸ್ಟ್ ಇಟ್ಟಿರಂತೆ. ಪಕ್ಕದ ಬೀದೀಲೇ ಮನೆ ಇದೆ, ಒಂದು ರೂಮಿಂದು. ನಿಮಗೆ ಸಾಕಲ್ಲ?"

ಫೋನ್ ಇಟ್ಟು ಚೀಟಿ ತೆಗೆದೆ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಾನು ಟೀಚರು, ಮಾರ್ಕ್ಸ್ ಹಾಕಿದ್ದೇನೆ. ಐದಕ್ಕೆ ಐದು. ಇವರು ಹಾಕಿದ್ದು ರೇಸಿನ ಸ್ಥಾನ. ಇವರ ಲೋಕದಲ್ಲಿ ಒಂದು ಅಂದರೆ ಗೆದ್ದವನು.

ಚೀಟಿ ಒಂದೇ. ಮನಸ್ಸು ತದ್ವಿರುದ್ಧ.

ಇವರು ತಲೆ ಒರೆಸುತ್ತ ಬಂದರು. ಟೀ ನಾನು ಮಾಡುತ್ತೇನೆ, ನೀನು ಕೂತುಕೋ ಎಂದರು. ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಹೇಳಲಿಲ್ಲ. ಯಾಕೆ? ನಾಲ್ಕು ದಿನದಿಂದ ಮನುಷ್ಯರ ಹಾಗೆ ಮಾತಾಡುತ್ತಿದ್ದಾರೆ, ಅದಕ್ಕೆ — ಎಂದು ಬರೆದು ಹೊಡೆದು ಹಾಕಿದೆ. ಸುಳ್ಳು. ಬೆಟ್ಟದ ಶಾಲೆಯ ಉತ್ತರ ಬರಲಿ ಎಂದು ಕಾಯುತ್ತಿದ್ದೇನೆ. ಕೈಯಲ್ಲೊಂದು ಕಾಗದ ಇದ್ದರೆ ಜಗಳಕ್ಕೆ ಬಲ.

"ನೀನು ಇಷ್ಟು ದೊಡ್ಡ ಮನಸ್ಸು ಮಾಡ್ತೀಯ ಅಂದ್ಕೊಂಡಿರಲಿಲ್ಲ" ಎಂದರು ಊಟಕ್ಕೆ ಕೂತಾಗ. ಇನ್ನೊಂದು ಸೌಟು ಸಾರು ಬಡಿಸಿದೆ.

ಮಾರ್ಚ್ 15, ಶನಿವಾರ. ಸಂಜೆ 4

ಶಾಲೆಯಿಂದ ಪತ್ರ ಬಂತು. ಜೂನ್ ಒಂದಕ್ಕೆ ಸೇರಿಕೊಳ್ಳಿ. ಮೇಜಿನ ಮೇಲಿಟ್ಟೆ.

ಎರಡು ಸಲ ಓದಿದರು. "ಇದೇನು? ಬೆಟ್ಟಕ್ಕೆ ನಾನು ಐದು ಹಾಕಿದ್ದೆ."

"ನಾನೂ ಐದೇ ಹಾಕಿದ್ದು."

"ಐದನೇ ಸ್ಥಾನ ಕಣೇ! ಐದನೆಯವನಿಗೆ ಯಾರು ಪದಕ ಕೊಡ್ತಾರೆ?"

"ನಮ್ಮಲ್ಲಿ ಐದಕ್ಕೆ ಒಂದು ಬಂದರೆ ಫೇಲು."

"ಹೌದಲ್ಲ, ಮರೆತಿದ್ದೆ. ಈ ಮನೇಲಿ ದಿನಾ ಪರೀಕ್ಷೆ. ಪಾಸಾದವರು ಯಾರೂ ಇಲ್ಲ." ಅಲ್ಲಿಗೇ ಮುಗಿಯಬಹುದಿತ್ತು. ಆಮೇಲೆ ಮೆಲ್ಲಗೆ ಕೇಳಿದರು. "ನಿನಗೆ ಯಾವಾಗ ಗೊತ್ತಾಯ್ತು?"

ಈಗಷ್ಟೇ ಎನ್ನಬಹುದಿತ್ತು. "ಹೋದ ಭಾನುವಾರ" ಎಂದೆ.

ಅವರು ನಾದಿನಿಯ ಊರಿನ ಈಜು ಕ್ಲಬ್ಬಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟದ್ದು ಗುರುವಾರ. ನಾನು ಬಾಯಿ ಬಿಟ್ಟಿದ್ದರೆ ಕೊಡುತ್ತಿರಲಿಲ್ಲ. ಇಬ್ಬರಿಗೂ ಲೆಕ್ಕ ಹತ್ತಿತು.

"ನನ್ನ ತಂಗಿ ಬಾಯಿಬಡುಕಿ, ಒಪ್ತೀನಿ. ನಿನ್ನ ಹಾಗೆ ನಗುನಗ್ತಾ ಕತ್ತು ಕೊಯ್ಯಲ್ಲ."

"ಅವತ್ತು ನೀನೂ ನಕ್ಕೆ."

ಇವರಿಗೆ 'ನೀನು' ಎಂದದ್ದು ಇದೇ ಮೊದಲು. ಯಾವತ್ತು ಎಂದು ಅವರು ಕೇಳಲಿಲ್ಲ. ಗೊತ್ತಿದೆ ಅಂದ ಹಾಗಾಯಿತು. ಇಷ್ಟು ವರ್ಷವೂ ಗೊತ್ತಿತ್ತು.

ಮಾರ್ಚ್ 23, ಭಾನುವಾರ

ಮಾತಿಲ್ಲ. ಫ್ರಿಜ್ಜಿನ ಬಾಗಿಲು ಮಾತ್ರ ಮಾತಾಡುತ್ತದೆ, ಜೋರಾಗಿ. ಜಂಕ್ಷನ್‌ಗೆ ಇಬ್ಬರೂ ಮೂರು ಹಾಕಿದ್ದೆವು, ಹೇಗೆ ಎಣಿಸಿದರೂ ಮೂರೇ. ಅಲ್ಲಿಗೆ ಹೋಗೋಣವೇ ಎಂದು ಕೇಳಬೇಕು. ಅವರು ಕೇಳಲಿ. ಅವರೂ ಹಾಗೇ ಅಂದುಕೊಂಡಿರಬಹುದು.

ಏಪ್ರಿಲ್ 5, ಶನಿವಾರ. ಬೆಳಿಗ್ಗೆ 9

ಯಾರೂ ಕೇಳಲಿಲ್ಲ. ಸಾಮಾನು ಸಾಗಿಸುವವನು ಬಂದು ರೂಮು ರೂಮು ನೋಡಿ ಹೋದ.

"ಎಲ್ಲಾ ಒಂದೇ ಊರಿಗಾ, ಮೇಡಂ?"

ಇವರು ಕಿಟಕಿ ಕಡೆ ತಿರುಗಿ, "ಅವರನ್ನೇ ಕೇಳಿ" ಎಂದರು. ಸೋತ ದನಿಯೋ, ನನ್ನ ತಲೆಗೆ ಕಟ್ಟುವ ಜಾಣತನವೋ. ಒಂದು ಕ್ಷಣ ಕಾದೆ. ಕಿಟಕಿಯಿಂದ ತಿರುಗಲಿಲ್ಲ.

"ಎರಡು" ಎಂದೆ.

"ಹಾಗಾದ್ರೆ ಯಾರ ಸಾಮಾನು ಯಾವುದು ಅಂತ ಹೆಸರು ಅಂಟಿಸಿಡಿ. ಆಮೇಲೆ ನನ್ನ ಜೊತೆ ಜಗಳ ಬೇಡ."

10.30

ಪುಸ್ತಕಗಳಿಗೆ ಅಂಟಿಸಿದೆ. ಹೊಲಿಗೆ ಮಷಿನ್ನಿಗೆ. ಮಂಚದ ಹತ್ತಿರ ನಿಂತು, ಏನೂ ಅಂಟಿಸದೆ ಬಂದೆ. ಪಕ್ಕದ ರೂಮಿನಲ್ಲಿ ಇವರು ಟೇಪು ಎಳೆಯುವ ಸದ್ದು. ನಿಂತಿತು.

"ಏ... ಸ್ವಲ್ಪ ಇಲ್ಲಿ ಬಾ. ಇದು ಯಾರದು?"

ಮೂರು ವಾರದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಕೈಯಲ್ಲೇನು ಹಿಡಿದಿದ್ದಾರೋ, ಇಲ್ಲಿಂದ ಕಾಣುವುದಿಲ್ಲ. ನನ್ನದೆಂದರೆ ಜಗಳ, ಅವರದೆಂದರೆ ಮುಗಿಯಿತು. ಮೂರನೆಯ ಉತ್ತರವೊಂದಿದೆ. ಅದು ನನ್ನ ಬಾಯಿಂದ ಬರುತ್ತದೆಯೇ?

ಮತ್ತೆ ಕರೆಯುತ್ತಿದ್ದಾರೆ. ನಾನು