ಬೆಟ್ಟದಲ್ಲಿ ಕಳೆದುಹೋದ ಹದಿನೇಳನೇ ನಂಬರು

ತಾರೀಖು ಹನ್ನೆರಡು, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮೊಣಕಾಲು ಏನನ್ನುತ್ತಿದೆ? ಎರಡು ತಿಂಗಳಿಂದ ಒಂದಕ್ಷರ ಬರೆದಿಲ್ಲ, ಬೈಯುವುದಿದ್ದರೆ ಬೈದು ಮುಗಿಸು. ಅಂಗಡಿಯ ತುಂಬ ಶಾಲೆಯ ಮಕ್ಕಳ ಯೂನಿಫಾರ್ಮಿನ ರಾಶಿ ಬಿದ್ದಿದೆ. ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ಇದು ಅರ್ಧ ನಿಜ. ಉಳಿದರ್ಧ, ನಿನಗೆ ಬರೆಯಲು ಧೈರ್ಯ ಸಾಲದೆ ಇದ್ದದ್ದು.

ಇವತ್ತು ಮಾತ್ರ ಬರೆಯದೆ ವಿಧಿಯಿಲ್ಲ. ಭಾನುವಾರ ಸಂಜೆ ನಿನ್ನ ಸೊಸೆಗೆ ಒಂದು ಫೋನ್ ಬಂದಿರಬೇಕು. "ನಿಮ್ಮತ್ತೆ ಬೆಟ್ಟ ಇಳಿದು ಬಂದ್ರಾ?" ಎಂದು ಕೇಳಿದವನು ನಮ್ಮ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ. ಅವನಿಗೆ ತಲೆ ಕೆಟ್ಟಿಲ್ಲ. ಕೆಡಿಸಿದ್ದು ನಾನು.

ಜಲಪಾತದ ಚಾರಣದ ದಿನ ಅವನು "ಗುಬ್ಬಿ ನಿಧಾನ, ಬಸ್ಸಲ್ಲೇ ಕೂತಿರ್ಲಿ" ಎಂದು ನಿನ್ನನ್ನು ಡ್ರೈವರನ ಜೊತೆ ನಾಲ್ಕು ಗಂಟೆ ಕೂರಿಸಿದ ಮೇಲೆ ನೀನು ನಮ್ಮ ಕಡೆ ತಲೆ ಹಾಕಿಲ್ಲ. ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಅವನೊಂದು ಹೊಸ ನಿಯಮ ತಂದಿದ್ದಾನೆ: ಸತತವಾಗಿ ಮೂರು ಸಲ ಗೈರುಹಾಜರಾದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು. ಮೊನ್ನೆ ಭಾನುವಾರದ ಬೆಟ್ಟದ ಚಾರಣಕ್ಕೂ ಗೈರುಹಾಜರಿ ಬಿದ್ದಿದ್ದರೆ ನಿನ್ನದು ಮೂರಾಗುತ್ತಿತ್ತು.

ಅವನ ಹಾಜರಿಯ ವೈಭವ ನಿನಗೆ ಗೊತ್ತೇ ಇದೆ. ನಲವತ್ತು ವರ್ಷ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎಣಿಸಿದವನು, ನಮ್ಮನ್ನೂ ಮಾತ್ರೆಯ ಹಾಗೆಯೇ ಎಣಿಸುತ್ತಾನೆ. ಬಸ್ಸಿನ ಬಾಗಿಲಲ್ಲಿ ನಿಂತು, ಹತ್ತನೇ ಕ್ಲಾಸಿನ ನಂಬರುಗಳನ್ನೇ ಕೂಗುತ್ತಾನೆ. ಕಣ್ಣು ಕಾಗದ ಬಿಟ್ಟು ಕದಲುವುದಿಲ್ಲ. "ಹದಿನೇಳು!" ಎಂದ. ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ, ನಿನ್ನ ಕೀರಲು ದನಿಯಲ್ಲಿ "ಪ್ರೆಸೆಂಟ್ ಸಾರ್" ಎಂದುಬಿಟ್ಟೆ. ದಿನಾ ತಡವಾಗಿ ಬರುತ್ತಿದ್ದ ನಿನಗೋಸ್ಕರ ಶಾಲೆಯಲ್ಲಿ ಎಷ್ಟು ಸಲ ಕೂಗಿದ್ದೇನೆ! ದನಿ ಇನ್ನೂ ಕೈಕೊಟ್ಟಿಲ್ಲ. ಅವನು ಗುರುತು ಹಾಕಿಕೊಂಡ, ನಾನು ಗೆದ್ದೆ ಎಂದುಕೊಂಡೆ.

ಸಂಜೆ ಬೆಟ್ಟ ಇಳಿದ ಮೇಲೆ ಅವನು ತಲೆ ಎಣಿಸುತ್ತಾನೆಂದು ಯಾರಿಗೆ ಗೊತ್ತಿತ್ತು? ಕಾಗದದಲ್ಲಿ ಇಪ್ಪತ್ಮೂರು, ಬಸ್ಸಿನಲ್ಲಿ ಇಪ್ಪತ್ತೆರಡು. ಅವನ ಮುಖ ಸುಣ್ಣವಾಯಿತು. "ಗುಬ್ಬಿ ಎಲ್ಲಿ? ಗುಬ್ಬಿ ಮೇಲೇ ಉಳ್ಕೊಂಡ್ಲಾ?"

ನಾನು ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ ವಕೀಲ ಎದ್ದು ನಿಂತ. "ನಾನ್ ನೋಡ್ದೆ ಕಣ್ರೋ! ಅರ್ಧ ದಾರೀಲಿ ಬಂಡೆ ಮೇಲೆ ಕೂತಿದ್ಲು. ನೀಲಿ ಸ್ವೆಟರು."

"ನೀಲಿ ಎಲ್ಲಿತ್ತೋ? ಕೆಂಪು," ಎಂದಳು ಹಲ್ಲಿನ ಡಾಕ್ಟರಮ್ಮ. "ನನ್ ಬಾಟ್ಲಿ ನೀರೇ ಕುಡಿದ್ಲು, ನಂಗೊತ್ತಿಲ್ವಾ?"

ಕಾರ್ಯದರ್ಶಿ ಸುಮ್ಮನಿರುತ್ತಾನೆಯೇ? "ಬೆಳಿಗ್ಗೆ ನಾನೇ ಕೈ ಹಿಡಿದು ಬಸ್ ಹತ್ತಿಸಿದ್ದೀನಿ," ಎಂದು ಎದೆ ತಟ್ಟಿಕೊಂಡ. ಮೂರು ಜನ ಕಣ್ಣಾರೆ ಕಂಡವಳನ್ನು "ಬಂದೇ ಇಲ್ಲ" ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಅದೂ ಉಣ್ಣೆ ಸೋಕಿದರೆ ಮೈ ಕೆರೆದುಕೊಳ್ಳುವ ನಿನಗೆ ಸ್ವೆಟರು ತೊಡಿಸಿದವರ ಮುಂದೆ!

ಮತ್ತೆ ಬೆಟ್ಟ ಹತ್ತಿದೆವು ಕಣೇ, ಇಪ್ಪತ್ತೆರಡು ಜನವೂ. ಬೆಳಿಗ್ಗೆ ಹೆಜ್ಜೆಗೊಮ್ಮೆ ಸೊಂಟ ಹಿಡಿದುಕೊಂಡವರೆಲ್ಲ ಎದ್ದು ಬಿದ್ದು ಓಡಿದರು. "ಗುಬ್ಬೀ! ಗುಬ್ಬೀ!" ಎಂದು ಎಲ್ಲ ದಿಕ್ಕಿನಿಂದಲೂ ಕೂಗು. ಬೆಟ್ಟ ನೋಡಲು ಬಂದಿದ್ದ ಯಾರೋ ಗಂಡಹೆಂಡತಿ ನಿಂತು, "ಸಾಕಿದ್ದಾ ಪಾಪ?" ಎಂದು ಕನಿಕರದಿಂದ ಕೇಳಿದರು. ವಕೀಲ "ಐವತ್ತು ವರ್ಷದಿಂದ ಬಲ್ಲೆ" ಎಂದು ಕಣ್ಣೊರೆಸಿಕೊಂಡ. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

ತುದಿಯಲ್ಲಿ ಸಿಗ್ನಲ್ ಸಿಕ್ಕಿ ಕಾರ್ಯದರ್ಶಿ ನಿನ್ನ ಮನೆಗೆ ಫೋನ್ ಮಾಡಿದ. "ಅತ್ತೆ ಇಲ್ಲೇ ಇದ್ದಾರಲ್ಲ, ಕಾಲು ಚಾಚ್ಕೊಂಡು ಟಿವಿ ನೋಡ್ತಿದ್ದಾರೆ," ಎಂಬ ಉತ್ತರ ನನಗೂ ಕೇಳಿಸಿತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವನು ಫೋನ್ ಕೆಳಗಿಳಿಸಿ ಎಲ್ಲರ ಮುಖ ನೋಡಿದ. "ಮನೆ ಸೇರ್ಬಿಟ್ಟಿದ್ದಾಳೆ ಕಣ್ರೋ! ನಮಗಿಂತ ಮುಂಚೆ ಇಳಿದು, ಒಬ್ಳೇ ಹೋಗ್ಬಿಟ್ಟಿದ್ದಾಳೆ!" ಆಮೇಲೆ ಹಣೆ ಚಚ್ಚಿಕೊಂಡು, "ಇಂಥವಳನ್ನ ನಿಧಾನ ಅಂತ ಬಸ್ಸಲ್ಲಿ ಕೂರಿಸಿದ್ನಲ್ಲ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈಗ ಕೇಳು. ಮುಂದಿನ ತಿಂಗಳ ಚಾರಣದಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವಳು ನೀನಂತೆ, ಠರಾವು ಆಗಿದೆ. ನಾನು ಹೇಳಿದ ಸುಳ್ಳು ಒಂದೇ. ಉಳಿದದ್ದನ್ನೆಲ್ಲ ಅವರೇ ಸೇರಿಸಿಕೊಂಡರು. ಯಾರಾದರೂ ಸ್ವೆಟರಿನ ಬಣ್ಣ ಕೇಳಿದರೆ ನೇರಳೆ ಎಂದುಬಿಡು, ವಕೀಲನಿಗೂ ಡಾಕ್ಟರಮ್ಮನಿಗೂ ಸಮಾಧಾನವಾಗುತ್ತದೆ. ದಯವಿಟ್ಟು ಬಾರೇ. ನೀನಿಲ್ಲದೆ ಆ ಬಸ್ಸಿನಲ್ಲಿ ನನಗೆ ಮಾತಾಡಲು ಯಾರಿದ್ದಾರೆ?

ನಿನ್ನ ಸೊಸೆಗೆ, ಮೊಮ್ಮಗಳಿಗೆ ನನ್ನ ಆಶೀರ್ವಾದ. ನಿನಗೂ ನಿನ್ನ ಮೊಣಕಾಲಿಗೂ ದೀರ್ಘಾಯುಸ್ಸು ಸಿಗಲಿ.

ನಿನ್ನ
ಸೂಜಿ
(ಈಗ ನೋಡಿದರೆ ದಬ್ಬಣ ಅನ್ನುತ್ತೀಯೆ)

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಜಲಪಾತದ ದಿನ ನಿನ್ನನ್ನು ಬಸ್ಸಲ್ಲಿ ಕೂರಿಸು ಎಂದು ಕಾರ್ಯದರ್ಶಿಗೆ ಹೇಳಿಕೊಟ್ಟವಳು ನಾನು. ನೀನು ಬಂದರೆ ನಿನ್ನ ಜೊತೆ ಹಿಂದೆ ಉಳಿಯುವವಳು ಯಾವಾಗಲೂ ನಾನೇ. ಒಂದೇ ಒಂದು ಸಲ ಎಲ್ಲರಿಗಿಂತ ಮುಂದೆ ಹೋಗಬೇಕು ಅನ್ನಿಸಿತ್ತು. ಹೋದೆ. ಜಲಪಾತವನ್ನು ಮೊದಲು ಕಂಡವಳೂ ನಾನೇ. "ನೋಡೇ" ಎಂದು ತಿರುಗಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ನೀನು ಅವನಿಗೆ ಬೈಯುವಾಗ ಅವನು ನನ್ನನ್ನು ಬಿಟ್ಟುಕೊಡಲಿಲ್ಲ, ನಾನೂ ಸುಮ್ಮನೆ ನಿಂತಿದ್ದೆ. ಭಾನುವಾರ ಆ ಬೆಟ್ಟದಲ್ಲಿ ನೀನಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಗುಬ್ಬೀ, ನಾನು ನಿಜವಾಗಿಯೂ ಹುಡುಕಿದೆ.