ಸೇದುವವರ ದರ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಮುತ್ತುಗಳು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ತೀರ್ಪು ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಾಗದು.

ನನ್ನ ಜೀವವಿಮೆಯ ಕಥೆ ನಿನಗೆ ಅರ್ಧ ಗೊತ್ತು. ಡಿಪೋದ ಹಿಂದೆ ಬಸ್ಸು ತೊಳೆಯುವಲ್ಲಿ ಗಂಡಸು ಡ್ರೈವರುಗಳ ಜೊತೆ ನಿಂತು ಹೊಗೆ ಬಿಡುತ್ತಿದ್ದವಳು ನಾನು; ಅರ್ಜಿ ಹಾಕುವ ಹೊತ್ತಿಗೆ ಸಿಗರೇಟು ಬಿಟ್ಟು ವರ್ಷ ದಾಟಿತ್ತು. ಅದರ ಬದಲು ಔಷಧಿ ಅಂಗಡಿಯ ನಿಕೋಟಿನ್ ಗಮ್ ಜಗಿಯುತ್ತಾ ಬಸ್ಸು ಓಡಿಸುತ್ತಿದ್ದೆ. ಅರ್ಜಿಯಲ್ಲಿ ತಂಬಾಕಿನ ಅಭ್ಯಾಸ ಉಂಟೇ ಎಂದು ಕೇಳಿದಾಗ ಎದೆಯುಬ್ಬಿಸಿ ಇಲ್ಲ ಎಂದು ಬರೆದೆ. ಮೂತ್ರ ಪರೀಕ್ಷೆ ಬೇರೆಯೇ ಹೇಳಿತು. ಹೊಗೆಯಿಂದ ಬರಲಿ, ಗಮ್ಮಿನಿಂದ ಬರಲಿ, ಕಂಪನಿಗೆ ನಿಕೋಟಿನ್ ಎಲ್ಲಾ ಒಂದೇ. ಜೊತೆಗೆ ರಕ್ತದೊತ್ತಡವೂ ಏರಿತ್ತು. ಕಂತು ಹೆಚ್ಚುಕಡಿಮೆ ಎರಡರಷ್ಟಾಯಿತು. ನನಗೆ ಅಳುವೇ ಬಂತು.

ಏಜೆಂಟು ಒಳ್ಳೆಯ ಹುಡುಗನೇ. ಒಂದೆರಡು ವಾರ ಗಮ್ ಬಿಡಿ ಮೇಡಂ, ಬೇರೆ ಕಂಪನಿಗೆ ಹಾಕೋಣ, ಏನೂ ಇಲ್ಲ ಅಂತ ಬರೆಯಿರಿ, ಯಾರಿಗೂ ಗೊತ್ತಾಗಲ್ಲ ಎಂದ. ನೀನೂ ಅದನ್ನೇ ಹೇಳಿದೆ. ಎಲ್ಲರೂ ಹಾಗೇ ಮಾಡೋದಮ್ಮ ಎಂದೆ.

ನಾನು ಮಾಡುವುದಿಲ್ಲ ಪುಟ್ಟಿ. ನಾಳೆ ನನಗೇನಾದರೂ ಆದರೆ ಆ ಕಚೇರಿಯ ಮೇಜಿನ ಮುಂದೆ ನಿಲ್ಲಬೇಕಾದವಳು ನೀನು. ಅಲ್ಲಿ ಕುಳಿತವರು ಹಳೆಯದನ್ನೆಲ್ಲ ಕೆದಕಿ, ನಿಮ್ಮಮ್ಮ ಸುಳ್ಳು ಹೇಳಿದ್ದಾರೆ, ಹಣ ಬರಲ್ಲ ಎಂದರೆ ನೀನೇನು ಮಾಡುತ್ತೀಯ? ನಿಮ್ಮಪ್ಪ ಹೋದಾಗ ನಾವಿಬ್ಬರೂ ಬರಿಗೈಯಲ್ಲಿ ನಿಂತಿದ್ದೆವು. ಇನ್ನೊಮ್ಮೆ ನೀನು ಒಬ್ಬಳೇ ಹಾಗೆ ನಿಲ್ಲುವುದು ನನಗೆ ಬೇಡ.

ಅದಕ್ಕೇ ಮೊದಲಿನ ಕಂಪನಿಗೇ ಗಮ್ಮಿನ ವಿಷಯ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟು, ಸೇದುವವರ ದರದಲ್ಲೇ ಮೊದಲ ಕಂತು ಕಟ್ಟಿ ಬಂದೆ. ಪೂರಾ ಒಂದು ವರ್ಷ ನಿಕೋಟಿನ್ ಮುಟ್ಟದೆ ಇದ್ದರೆ ಮತ್ತೆ ಪರೀಕ್ಷೆ ಮಾಡಿ ಕಂತು ಇಳಿಸಬಹುದಂತೆ. ಇಳಿಸಿಯೇ ತೀರುತ್ತೇನೆ.

ಗಮ್ ಬಿಟ್ಟ ಮೊದಲ ವಾರ ಸಿಡಿಮಿಡಿ ಎಂದರೆ ಅಷ್ಟಿಷ್ಟಲ್ಲ. ಪ್ರಯಾಣಿಕರು ಗಂಟೆ ಬಾರಿಸಿದರೂ ಮೈ ಉರಿಯುತ್ತಿತ್ತು. ಕಂಡಕ್ಟರಂತೂ ಬಸ್ಸಿನ ಹಿಂದಿನ ಸೀಟು ಬಿಟ್ಟು ಮುಂದೆ ಬರಲೇ ಇಲ್ಲ. ಈಗ ಕೊನೆಯ ನಿಲ್ದಾಣದಲ್ಲಿ ಉಳಿದವರು ಚಹಾಕ್ಕೆ ಕೂತರೆ ನಾನು ನಿಲ್ದಾಣದ ಸುತ್ತ ಬಿರಬಿರನೆ ನಡೆಯುತ್ತೇನೆ. ಇಷ್ಟು ದೊಡ್ಡ ಬಸ್ಸು ಇಟ್ಕೊಂಡು ನಡ್ಕೊಂಡು ಹೋಗ್ತೀರಲ್ಲಾ ಅಕ್ಕಾ ಎಂದು ಕಂಡಕ್ಟರನ ತಮಾಷೆ. ನಗಲಿ. ಸಕ್ಕರೆಯಿಲ್ಲದ ಚಹಾ ಕುಡಿದು ನನ್ನ ಮುಖ ಹೇಗಾಗುತ್ತದೆ ಎಂದು ನೋಡಿದರೆ ನೀನೂ ನಗುತ್ತೀಯ. ಡಿಪೋದ ನರ್ಸಮ್ಮ ಮಾತ್ರ ನಗಲಿಲ್ಲ. ಒತ್ತಡ ಇಳಿದಿದೆ, ಬಿಡಬೇಡಿ ಎಂದರು.

ನೀನು ಊಟ ತಪ್ಪಿಸಬೇಡ. ಪರೀಕ್ಷೆ ಚೆನ್ನಾಗಿ ಬರಿ. ನನ್ನ ಚಿಂತೆ ಬೇಡ, ನಾನು ಪಟ್ಟು ಹಿಡಿದರೆ ಬಿಡುವವಳಲ್ಲ.

ಇಂತು,
ಹಟಮಾರಿ ಅಮ್ಮ

ತಾ.ಕ.: ಇಷ್ಟೆಲ್ಲ ಬರೆದದ್ದು ಈ ನಾಲ್ಕು ಸಾಲಿಗಾಗಿ. ಹೋದ ರಜೆಯಲ್ಲಿ ಬಚ್ಚಲುಮನೆಯ ಕಿಟಕಿ ತೆರೆದಿಟ್ಟು ನೀನು ಸೇದಿದ್ದು ನನಗೆ ಗೊತ್ತು. ಅಷ್ಟು ವರ್ಷ ಸೇದಿದ ಮೂಗು ನನ್ನದು, ಸೋಪಿನ ವಾಸನೆಗೆ ಮೋಸ ಹೋಗುವುದಿಲ್ಲ. ಬೈಯಲು ನನಗೆ ಮುಖವಿಲ್ಲ, ಕೇಳಿಕೊಳ್ಳುತ್ತಿದ್ದೇನೆ, ಬಿಟ್ಟುಬಿಡು. ವಿಮೆಯ ಹಣವೆಲ್ಲ ನಿನ್ನ ಹೆಸರಿಗೆ ಬರೆಸಿದ್ದೇನೆ. ಅದನ್ನು ತೆಗೆದುಕೊಳ್ಳಲು ನೀನಿರಬೇಕು.