ಓದಿ ಹೇಳುವ ಕೆಲಸ

ಫೆಬ್ರವರಿ 3, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ಅಷ್ಟಕ್ಕಷ್ಟೇ. ಕ್ಷಮಿಸಬೇಕು ಅಂತ ಬರೆದುಬಿಟ್ಟೆ — ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಇದನ್ನು ಓದುವವರೇ ಇಲ್ಲ. ಐದನೇ ಕ್ಲಾಸಿಗೆ ಶಾಲೆ ಮುಗಿಯಿತು. ಬರೆಯುವ ಹುಚ್ಚು ಮುಗಿಯಲಿಲ್ಲ.

ಬೆಳಿಗ್ಗೆ ಪ್ರೆಸ್ ಗುಡಿಸಿದೆ. ಕಳೆದ ವಾರ ಉಳಿದ ಪೇಪರ್ ಕಟ್ಟಿಟ್ಟೆ. ಮಧ್ಯಾಹ್ನ ಪ್ರೂಫ್ ಹಿಡಿದು ಕ್ಷೌರದ ಅಂಗಡಿಗೆ. ಅವನ ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡ ಸುದ್ದಿ. ನಮ್ಮ ವಾರಪತ್ರಿಕೆಯ ಪದ್ಧತಿ ಇದು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಅಚ್ಚಿಗೆ ಮೊದಲೇ ಓದಿ ಹೇಳಬೇಕು. ಅವರು ಏನಂದರೋ ಅದನ್ನೂ ಸುದ್ದಿಯ ಕೆಳಗೆ ಹಾಕಬೇಕು. ಓದಲು ಹೋಗುವವಳು ನಾನು.

"ಕೈಗೆ ಕೊಡ್ಬೇಡ, ಓದು," ಎನ್ನುತ್ತಾರೆ ಸಂಪಾದಕರು. "ಕೈಗೆ ಕೊಟ್ರೆ ಹರಿದು ಹಾಕ್ತಾರೆ. ಕಿವಿಗೆ ಬಿದ್ದಿದ್ದನ್ನ ಹರಿಯೋಕಾಗಲ್ಲ."

ಜನರ ಮುಂದೆ ಬಾಯಿ ತೆರೆಯಲು ನನಗೆ ಜೀವ ಹೋಗುತ್ತದೆ. ಆದರೆ ಓದುವಾಗ ಮುಖಕ್ಕೆ ಅಡ್ಡ ಕಾಗದ ಇರುತ್ತದಲ್ಲ. ಕ್ಷೌರದವನು ಕತ್ತರಿ ನಿಲ್ಲಿಸಿ ಪೂರ್ತಿ ಕೇಳಿದ.

"ಚರಂಡಿ ನಿಜ. ಆದ್ರೆ ಒಳಗೆ ಕುರ್ಚಿ ಹೊಸದು ಅಂತಾನೂ ಸೇರಿಸಮ್ಮ."

ಸೇರಿಸಿಕೊಂಡೆ.

ಫೆಬ್ರವರಿ 6, ಗುರುವಾರ

ಕಾಲೇಜಿನ ಮಕ್ಕಳು ಬಂದಿದ್ದರು. ಅವರ ತಿಂಗಳ ಪತ್ರಿಕೆ ನಮ್ಮ ಮೆಷಿನ್ನಿನಲ್ಲೇ ಅಚ್ಚಾಗುವುದು. ಇಬ್ಬರೇ ಎಲ್ಲ ಮಾಡುತ್ತಾರೆ. ಹುಡುಗಿಗೆ ನಮ್ಮ ಅಚ್ಚಿನ ಮೆಷಿನ್ ನಡೆಸುವ ಮೆಷಿನ್ ಮಾಮ ಇಟ್ಟ ಹೆಸರು ಸಂಪಾದಕಿ. ಹುಡುಗ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಉದ್ದ — ಅವನು ಏಣಿ. ಸಂಪಾದಕಿ ನನ್ನನ್ನು ಅಕ್ಕ ಅನ್ನುತ್ತಾಳೆ. ಕಾಲೇಜು ಓದುವವಳು, ನನ್ನನ್ನು! ಅವಳ ಎಡಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಕೇಳಿದರೆ, "ಆಮೇಲೆ ಹೇಳ್ತೀನಕ್ಕ," ಅಂದಳು.

ಏಣಿ ಕೇಳಿದ, "ಸಾರ್, ಸಣ್ಣ ಪತ್ರಿಕೆ ಅಂದ್ರೆ ಎಷ್ಟು ಪ್ರತಿ ಒಳಗಿರ್ಬೇಕು?"

"ಪ್ರತಿ ಎಣಿಸೋದು ಸರ್ಕಾರದೋರ ಕೆಲಸ," ಅಂದರು ಸಂಪಾದಕರು. "ಬೈಬೇಕು ಅನ್ನಿಸ್ದೋರಿಗೆ ಸಂಪಾದಕ ಎಲ್ಲಿ ಸಿಗ್ತಾನೆ ಅಂತ ಗೊತ್ತಿದ್ರೆ ಅದು ಸಣ್ಣ ಪತ್ರಿಕೆ. ನನ್ನನ್ನ ಹಾಲಿನ ಅಂಗಡಿ ಮುಂದೇನೇ ಹಿಡೀತಾರೆ."

"ಹಾಗಾದ್ರೆ ನಮ್ದು ಇನ್ನೂ ಸಣ್ಣದು. ನಮ್ಮನ್ನ ಕ್ಲಾಸಲ್ಲೇ ಹಿಡೀತಾರೆ," ಅಂದಳು ಸಂಪಾದಕಿ.

ಮೆಷಿನ್ ಮಾಮ ಒಳಗಿನಿಂದಲೇ ಕೂಗಿದರು. "ನಿಮ್ದೆಲ್ಲಿ ಪತ್ರಿಕೆ? ಹೋದ ತಿಂಗಳು ಬೆಳದಿಂಗಳ ಮೇಲೇ ನಾಲ್ಕು ಕವನ. ಬೆಳಕಿನ ಬಗ್ಗೆ ಬರೆದು ನನ್ನ ಕಪ್ಪು ಇಂಕ್ ಎಲ್ಲಾ ಖಾಲಿ ಮಾಡಿದ್ರಿ!"

ಎಲ್ಲರೂ ನಕ್ಕರು. ಸಂಪಾದಕಿ ನಗಲಿಲ್ಲ.

"ಈ ಸಲ ಕವನ ಇಲ್ಲ ಮಾಮ," ಅಂದಳು.

ಫೆಬ್ರವರಿ 8, ಶನಿವಾರ, ಸಂಜೆ

ಏನೋ ಮಾಡಬಾರದ್ದು ಮಾಡಿಬಿಟ್ಟೆ ಅನ್ನಿಸುತ್ತಿದೆ.

ಸಂಪಾದಕರು ಕಾಗದ ತರಲು ಬೇರೆ ಊರಿಗೆ ಹೋಗಿದ್ದಾರೆ. ಮಕ್ಕಳ ಪತ್ರಿಕೆಯ ಪ್ರೂಫ್ ಮೇಜಿನ ಮೇಲಿತ್ತು. ಮೊದಲ ಪುಟದಲ್ಲಿ ಹುಡುಗಿಯರ ಹಾಸ್ಟೆಲಿನ ಸುದ್ದಿ. ಕಳೆದ ತಿಂಗಳು ಸ್ವಿಚ್‌ಬೋರ್ಡಿನಿಂದ ಹೊಗೆ ಎದ್ದಿತಂತೆ. ಹುಡುಗಿಯರು ಹಿಂದಿನ ಮೆಟ್ಟಿಲ ಕಡೆ ಓಡಿದರೆ ಬಾಗಿಲಿಗೆ ಹೊರಗಿನಿಂದ ಬೀಗ. ಮತ್ತೆ ಅದೇ ಹೊಗೆಯೊಳಗೆ ನುಗ್ಗಿ ಮುಂದಿನ ಬಾಗಿಲಿಗೆ ಬಂದರಂತೆ. ಬೀಗ ಈಗಲೂ ಹಾಗೇ ಇದೆ. ಬೀಗ ಹಾಕಿಸುವವರು ವಾರ್ಡನ್ ಮೇಡಂ. ಬರೆದವರ ಹೆಸರಿಲ್ಲ.

ಮನುಷ್ಯರ ಮೇಲೆ ಬರೆದ ಪ್ರೂಫ್ ಮೇಜಿನ ಮೇಲಿದ್ದರೆ ನಾನು ಏನು ಮಾಡಬೇಕು? ತೆಗೆದುಕೊಂಡು ಹೋಗಿ ಓದಬೇಕು. ಅಷ್ಟೇ ಗೊತ್ತಿದ್ದದ್ದು. ಯಾರೂ ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಹೋದೆ.

ವಾರ್ಡನ್ ಮೇಡಂ ಕೂರಿಸಿದರು, ನೀರು ಕೊಟ್ಟರು. ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾಳೆ! ಅದಕ್ಕೇ ನಾನೂ ಚೆನ್ನಾಗಿ, ಎಲ್ಲೂ ತಡವರಿಸದೆ ಓದಿದೆ. ಕೊನೆಯ ಪ್ಯಾರಾಕ್ಕೆ ಬಂದೆ — "ಆ ಬಾಗಿಲನ್ನು ಗುದ್ದಿದ ನನ್ನ ಕೈಗೆ ಈಗಲೂ ಪಟ್ಟಿ ಇದೆ." ಬಾಯಿಂದ ಹೊರಗೆ ಬಂದ ಮೇಲೆ ಹೊಳೆಯಿತು. ಆಗಿಹೋಗಿತ್ತು.

ಮೇಡಂ ಎದ್ದು ಬಾಗಿಲು ಹಾಕಿದರು.

"ಪಟ್ಟಿ ಕಟ್ಕೊಂಡಿರೋಳು ನನ್ನ ಹಾಸ್ಟೆಲಲ್ಲಿ ಒಬ್ಬಳೇ," ಅಂದರು. ಸಿಟ್ಟಿನಿಂದಲ್ಲ. ಅದಕ್ಕೇ ಹೆಚ್ಚು ಹೆದರಿಕೆ ಆಯಿತು.

"ನೀವು ಏನು ಹೇಳ್ತೀರ ಮೇಡಂ? ಕೆಳಗೆ ಹಾಕ್ತೀವಿ," ಅಂದೆ. ಇಂಥ ಹೊತ್ತಿನಲ್ಲೂ ಅಭ್ಯಾಸಬಲ ನೋಡು!

"ಬೀಗ ತೆಗೆದ್ರೆ ಹುಡುಗೀರ ಅಪ್ಪಂದಿರು ನನ್ನ ಬಿಡ್ತಾರಾ? ಅದನ್ನ ಬರ್ಕೊತೀಯಾ?" ಅಂದವರು ಫೋನ್ ಕೈಗೆ ತೆಗೆದುಕೊಂಡರು.

ಫೆಬ್ರವರಿ 13, ಗುರುವಾರ

ಇಷ್ಟು ದಿನ ಬರೆಯಲು ಧೈರ್ಯ ಬರಲಿಲ್ಲ.

ಸೋಮವಾರ ಕಾಲೇಜಿನ ಗುಮಾಸ್ತರು ಪ್ರೆಸ್ಸಿಗೆ ಬಂದು ಮಕ್ಕಳ ಪತ್ರಿಕೆ ಇನ್ನು ಮುಂದೆ ಅಚ್ಚು ಮಾಡಬೇಡಿ ಅಂದರು. ಪ್ರೂಫನ್ನೂ ಒಯ್ದರು. ನಿನ್ನೆ ಸಂಪಾದಕಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದಾರೆ. ಬರೆದದ್ದೆಲ್ಲ ಸುಳ್ಳು ಅಂತ ಬರೆದುಕೊಟ್ಟರೆ ಒಳಗೆ ಸೇರಿಸುತ್ತಾರಂತೆ. ಇಲ್ಲದಿದ್ದರೆ ಭಾನುವಾರ ಅವಳ ಅಪ್ಪ ಬಂದು ಕರೆದುಕೊಂಡು ಹೋಗಬೇಕು. ಹೋದರೆ ಓದು ಅಲ್ಲಿಗೇ ನಿಂತಿತು. "ಅಪ್ಪ ಒಂದು ನೆಪ ಕಾಯ್ತಾ ಇದ್ದ ಅಕ್ಕ," ಅಂದಳು.

ಟ್ರಂಕ್ ಹಿಡಿದು ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಮನೆಗೆ ಕರೆದುಕೊಂಡು ಬಂದೆ. ಬೇರೆ ಏನು ಮಾಡಲಿ? ಅಮ್ಮ ಹೊಲಿಗೆ ಮೆಷಿನ್ ಸರಿಸಿ ಅವಳಿಗೆ ಹಾಸಿಕೊಟ್ಟಳು.

ಅವಳಿಗೆ ಗೊತ್ತಿಲ್ಲ. ಏಣಿ ಹೇಳಿದ್ದಾನೆ ಅಂದುಕೊಂಡಿದ್ದಾಳೆ.

"ಅವನಿಗೆ ಸ್ಕಾಲರ್‌ಶಿಪ್ ಹೋಗುತ್ತೆ ಅಂತ ಭಯ. ಹೋಗಿ ಊದಿದಾನೆ. ಮೂರು ವರ್ಷದ ಸ್ನೇಹ ಅಕ್ಕ, ನಾಯಿಗೆ ಹಾಕ್ದಂಗಾಯ್ತು."

ಅವನು ಸಂಜೆ ನಮ್ಮ ಬೀದಿಯ ದೀಪದ ಕಂಬದ ಕೆಳಗೆ ಬಂದು ನಿಂತಿದ್ದ. ಕಂಬದ ಪಕ್ಕ ಇನ್ನೊಂದು ಕಂಬ. ಇವಳು ಕಿಟಕಿ ಹಾಕಿಬಿಟ್ಟಳು.

ಸಂಪಾದಕರಿಗೆ ಗೊತ್ತು. ಊರಿಂದ ಬಂದವರೇ, "ಪ್ರೂಫ್ ಹೊರಗೆ ಹೋಗಿದ್ದು ಹೇಗೆ?" ಅಂತ ಕೇಳಿದರು. ಮೆಷಿನ್ ಮಾಮ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದರು. ಅಷ್ಟು ಸಾಕಾಯಿತು. ಕೆಲಸ ಹೋಯಿತು ಅಂದುಕೊಂಡೆ. ಬೈಯಲಿಲ್ಲ.

"ಕೇಳು. ನಾವು ಓದಿ ಹೇಳೋದು ಯಾಕೆ? ಏನಂದ್ರೂ ನಾಳೆ ಅಚ್ಚು ಹಾಕೇ ಹಾಕ್ತೀವಿ, ಆ ಧೈರ್ಯ ಇದೆ ಅಂತ. ಆ ಮಕ್ಕಳ ಪತ್ರಿಕೆ ಇನ್ನೊಬ್ಬರ ಗೋಡೆ ಮೇಲೆ ಬರೆದಂಗೆ. ಗೋಡೆ ಕಾಲೇಜಿಂದು. ಮೊದಲೇ ಹೇಳಿದ್ರೆ ಸುಣ್ಣ ಬಳಿದುಬಿಡ್ತಾರೆ. ಇದನ್ನ ನಿಂಗೆ ನಾನು ಹೇಳಿರ್ಬೇಕಿತ್ತು, ಹೇಳ್ಲಿಲ್ಲ." ಆಮೇಲೆ, "ಆ ಹುಡುಗಿಗೆ ಮಾತ್ರ ನೀನೇ ಹೇಳು," ಅಂದರು.

ಹೇಳಿಲ್ಲ.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ ಊಟಕ್ಕೆ ಕೂತಾಗ ಕೇಳಿದಳು — "ಸುಳ್ಳು ಅಂತ ಬರ್ಕೊಟ್ಬಿಡ್ಲಾ ಅಕ್ಕ?" ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನಷ್ಟು ಬಡಿಸಿ ಎದ್ದುಬಿಟ್ಟೆ.

ಪ್ರೆಸ್ಸಿಗೆ ಹೋಗಿ ಸಂಪಾದಕರನ್ನು ಕೇಳಿದೆ, ನಾವೇ ಹಾಕಿದರೆ? ಇಷ್ಟು ಕೇಳಲು ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ.

"ಹಾಕ್ಬಹುದು. ಕಣ್ಣಾರೆ ನೋಡಿದೋರು ಬರೀಬೇಕು, ಹೆಸರು ಹಾಕ್ಬೇಕು. ಕಾಲೇಜು ಹೊರಗೆ ಹಾಕೋಕೆ ಆಗದೇ ಇರೋರಾಗ್ಬೇಕು." ನನ್ನನ್ನೇ ನೋಡಿದರು. "ನಿನ್ನನ್ನ ಯಾವ ಕಾಲೇಜಿಂದ ಹೊರಗೆ ಹಾಕ್ತಾರೆ?"

ನಗು ಬರಬೇಕಿತ್ತು. ಬೆವರು ಬಂತು.

ಹಾಸ್ಟೆಲ್ ಹುಡುಗಿಯರ ಬಟ್ಟೆ ಹೊಲಿಯುವುದು ಅಮ್ಮನೇ. ಹೊಲಿದದ್ದನ್ನು ಕೊಡುವ ನೆಪದಲ್ಲಿ ಮಧ್ಯಾಹ್ನ ಒಳಗೆ ಹೋದೆ. ಸ್ವಿಚ್‌ಬೋರ್ಡಿನ ಮೇಲಿನ ಗೋಡೆ ಸೂರಿನವರೆಗೂ ಕಪ್ಪು. ಹಿಂದಿನ ಮೆಟ್ಟಿಲು ಇಳಿದೆ. ಬಾಗಿಲು ತಳ್ಳಿದೆ. ಅಲುಗಲಿಲ್ಲ. ಸಂದಿಯಲ್ಲಿ ಬೀಗದ ಹೊಟ್ಟೆ ಕಂಡಿತು, ಹೊಸದು, ಫಳಫಳ ಅನ್ನುತ್ತಿತ್ತು. ಹಿಂದೆ ಯಾರದೋ ಹೆಜ್ಜೆ... ಆ ಕತ್ತಲಲ್ಲಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗ ಅವಳು ಬರೆದದ್ದು ಪೂರ್ತಿ ಅರ್ಥವಾಯಿತು. ಬಂದವಳು ಪೊರಕೆ ಹಿಡಿದ ಕೆಲಸದವಳು. ನನಗಿಂತ ಅವಳೇ ಹೆಚ್ಚು ಬೆಚ್ಚಿದಳು.

ಬಂದು ಬರೆದೆ. ಹೊಡೆದು ಹಾಕಿ ಮತ್ತೆ ಬರೆದೆ. ಕೊನೆಯಲ್ಲಿ ಒಂದು ಸಾಲು — ಮಕ್ಕಳ ಬರಹವನ್ನು ಅಚ್ಚಿಗೆ ಮೊದಲೇ ವಾರ್ಡನ್‌ಗೆ ಓದಿ ಹೇಳಿದವಳು ನಾನು, ಬೇರೆ ಯಾರೂ ಅಲ್ಲ. ಕೆಳಗೆ ಹೆಸರು.

ಅಮ್ಮನಿಗೆ ಹೇಳಿದೆ. ಸೂಜಿ ಕಚ್ಚಿಕೊಂಡೇ ಬೈದಳು. "ಹಾಸ್ಟೆಲ್ ಬಟ್ಟೆ ನಿಂತ್ರೆ ನಿನ್ನ ಪೇಪರನ್ನೇ ಸುತ್ಕೊಂಡು ತಿರುಗೋಣ್ವಾ?" ಬಹಳ ಹೊತ್ತು ಹೊಲಿದಳು. ಆಮೇಲೆ ಅಂದಳು, "ಹಾಕ್ಸು. ಆದ್ರೆ ಆ ಮಗುಗೆ ಪೇಪರ್ ನೋಡಿ ಗೊತ್ತಾಗ್ಬಾರ್ದು. ನಿನ್ನ ಬಾಯಲ್ಲೇ ಗೊತ್ತಾಗ್ಬೇಕು. ಬರೆದು ಬಚ್ಚಿಟ್ಕೊಳ್ಳೋ ಬುದ್ಧಿ ನಿಂದು, ನಂಗೊತ್ತಿಲ್ವಾ?"

ಫೆಬ್ರವರಿ 15, ಶನಿವಾರ

ನನ್ನ ಬರಹದ ಪ್ರೂಫ್. ಮನುಷ್ಯರ ಮೇಲೆ ಬರೆದದ್ದು. ಓದಿ ಹೇಳಬೇಕು. ನಾನೇ.

ಸಂಪಾದಕರು, "ನಾನು ಬರ್ಲಾ ಜೊತೆಗೆ?" ಅಂದರು. ಬೇಡ ಅಂದೆ. ಯಾಕೆ ಬೇಡ ಅಂದೆನೋ. ಗೇಟಿನ ತನಕ ಹೋಗಿ ಒಂದು ಸಲ ವಾಪಸ್ ಬಂದೆ. ಚಪ್ಪಲಿ ಕಿತ್ತಿದೆ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಮತ್ತೆ ಹೋದೆ.

ಈ ಸಲ ಕೂರಿ ಅನ್ನಲಿಲ್ಲ ಮೇಡಂ. ನಿಂತೇ ಓದಿದೆ. ಸಾಲು ತಪ್ಪುತ್ತಿತ್ತು, ಬೆರಳಿಟ್ಟು ಓದಿದೆ. ಹೆಸರನ್ನೂ ಓದಿದೆ.

"ಯಾರಿದು, ಇವಳು?" ಅಂದರು.

"ನಾನೇ ಮೇಡಂ."

ಆಗ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಮೇಲಿಂದ ಕೆಳಗಿನ ತನಕ.

"ನಿಮ್ಮಮ್ಮ ನಮ್ಮ ಬಟ್ಟೆ ಹೊಲಿಯೋರಲ್ವಾ?"

"ಹೌದು."

ಸಂಪಾದಕರು ಹೇಳಿದ ಸಣ್ಣ ಪತ್ರಿಕೆ ಇದೇ. ಬೀಗ ಯಾರದು, ಬರೆದವಳು ಯಾರು, ಅವಳ ಮನೆಯ ಅನ್ನ ಎಲ್ಲಿಂದ ಬರುತ್ತದೆ — ಎಲ್ಲ ಒಂದೇ ಕೋಣೆಯಲ್ಲಿ ನಿಂತಿರುತ್ತದೆ.

"ಕೆಳಗೆ ಏನು ಹಾಕ್ಲಿ ಮೇಡಂ?"

ಕಿಟಕಿ ಕಡೆ ತಿರುಗಿದರು. "ಆ ಸಂಜೆ ನಾನೂ ಒಳಗೇ ಇದ್ದೆ. ಹೊಗೆ ನಾನೂ ಕುಡಿದಿದ್ದೀನಿ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಹೊರಗಿಂದ ಸುತ್ತಿ ಹೋಗಿ ತೆಗೀಬೇಕು ಅಂತ ಗಾಬರಿಗೆ ನೆನಪಾಗ್ಲಿಲ್ಲ." ತಡೆದು, "ಇದನ್ನ ಬರ್ಕೊಬೇಡ," ಅಂದರು. ಮತ್ತೆ ತಡೆದು, "ಬರ್ಕೊ."

ಬರೆದುಕೊಂಡೆ. ಹುಡುಗಿಯ ವಿಷಯ ಕೇಳಿದೆ. ಅದು ಪ್ರಿನ್ಸಿಪಾಲರ ಕೈಲಿದೆ ಅಂದರು. ಪೇಪರ್ ನೋಡಿದ ಮೇಲೆ ಏನು ಮಾಡ್ತಾರೋ ಗೊತ್ತಿಲ್ಲ, ನನ್ನನ್ನೂ ಏನು ಮಾಡ್ತಾರೋ ಗೊತ್ತಿಲ್ಲ ಅಂದರು.

ಇವತ್ತೇ ಅವಳಿಗೆ ಹೇಳಬೇಕಿತ್ತು. ಮನೆಗೆ ಬಂದಾಗ ಅಮ್ಮನ ಜೊತೆ ಗುಂಡಿ ಹಚ್ಚುತ್ತಾ ಏನಕ್ಕೋ ನಗುತ್ತಿದ್ದಳು. ಬಂದ ಮೇಲೆ ಮೊದಲ ಸಲ ನಕ್ಕದ್ದು. ನಾಳೆ ಅಂದುಕೊಂಡೆ. ಹೇಡಿ.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ

ಪೇಪರ್ ಹಂಚಿಕೆಗೆ ಹೋಯಿತು. ಮೊದಲ ಪುಟ. ಹೆಸರು ಸಣ್ಣ ಅಕ್ಷರದಲ್ಲೇ ಇದೆ. ನನಗೆ ಮಾತ್ರ ಬೀದಿಗೆ ಅಡ್ಡ ಬಟ್ಟೆ ಕಟ್ಟಿ ಬರೆದ ಹಾಗೆ ಕಾಣುತ್ತಿದೆ. ಬರುವಾಗ ಹಾಲಿನ ಅಂಗಡಿ ಮುಂದೆ ನಾಲ್ಕು ಜನ ಓದುತ್ತಾ ನಿಂತಿದ್ದರು. ಒಬ್ಬರು ತಲೆ ಎತ್ತಿದರು. ತಲೆ ತಗ್ಗಿಸಿಕೊಂಡು ದಾಟಿದೆ.

ಅವಳಪ್ಪ ಮೊದಲ ಬಸ್ಸಿಗೇ ಬರುತ್ತಾರಂತೆ. ಅಷ್ಟರೊಳಗೆ ಹೇಳಬೇಕು. ಅವರಿಗೂ ಓದಿ ಹೇಳಬೇಕು, ನಿಮ್ಮ ಮಗಳು ಬರೆದದ್ದು ಸುಳ್ಳಲ್ಲ ಅಂತ. ಅವರು ಕೇಳುತ್ತಾರೋ, ಟ್ರಂಕ್ ಎತ್ತಿಕೊಳ್ಳುತ್ತಾರೋ.

ಮೊದಲು ಅವಳಿಗೆ. ಮುಖಕ್ಕೆ ಅಡ್ಡ ಕಾಗದ ಇಲ್ಲದೆ.

ಎದ್ದಿದ್ದಾಳೆ. ಅಮ್ಮನ ಹತ್ತಿರ ಪೇಪರ್ ಕೇಳುತ್ತಿದ್ದಾಳೆ. ಅಮ್ಮ, "ಸ್ನಾನ ಮುಗಿಸು, ಆಮೇಲೆ ಪೇಪರ್ ಗೀಪರ್," ಅಂದಳು. ನನ್ನ ಕಡೆ ನೋಡಿ ಅಂದಳು.

ನೀರು ಕಾಯಿಸಿದೆ. ಬಕೆಟ್ಟಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡಿದೆ. ಪಟ್ಟಿ ಕಟ್ಟಿದ ಕೈ ನೆನೆಯಬಾರದು, ಬೆನ್ನಿಗೆ ನೀರು ಹಾಕಲು ನಾನೇ ನಿಲ್ಲಬೇಕು. ಮೊದಲ ಚೊಂಬು ಹಾಕುವಾಗಲೇ ಹೇಳಿಬಿಡುತ್ತೇನೆ, ಓದಿ ಹೇಳಿದವಳು ನಾನು, ಏಣಿ ಅಲ್ಲ ಅಂತ. ಅಕ್ಕಾ ಅಂತ ಕರೆಯುತ್ತಿದ್ದಾಳೆ.